ಬಸ್ ಸ್ಟ್ಯಾಂಡಿನ ದನಿಯನ್ನು ಕದ್ದದ್ದು

ನನ್ನ ಗಂಡ ಚಳ್ಳಕೆರೆಯಲ್ಲಿ ಸಿನಿಮಾ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ ಕಾಲದಲ್ಲಿ, ಬಳ್ಳಾರಿಯಲ್ಲಿ ಬಾಗಿಲು ಮುಚ್ಚುತ್ತಿದ್ದ ಇನ್ನೊಂದು ಅಂಗಡಿಯ ಮಾಲನ್ನು ಒಟ್ಟಿಗೇ ಕೊಂಡು ತಂದಿದ್ದರು. ಅದರಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಹಳೆಯ ಬ್ರಿಟಿಷ್ ಹಾಸ್ಯ ಸಿನಿಮಾಗಳಿದ್ದವು, ಎಲ್ಲ ಕಪ್ಪು ಬಿಳುಪಿನವು. ನಮ್ಮೂರಲ್ಲಿ ಅವನ್ನು ಯಾರು ಕೇಳಬೇಕು? ಒಂದೂ ಬಾಡಿಗೆಗೆ ಹೋಗಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವರೇ ಹಾಕಿಕೊಂಡು ನೋಡಲು ಶುರುಮಾಡಿದರು, ಆಮೇಲೆ ಬಿಡಲೇ ಇಲ್ಲ.

ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಕಳ್ಳತನದ ಗಂಧವೇ ಇಲ್ಲದ ನಾಲ್ಕು ಜನ ಸಭ್ಯಸ್ಥರು ಯಾವುದೋ ಹುಚ್ಚಿಗೆ ಬಿದ್ದು ಒಂದು ದೊಡ್ಡ ಕಳ್ಳತನಕ್ಕೆ ಕೈಹಾಕುತ್ತಾರೆ. ಕೊಡೆ ಮಡಚಿ ಮೂಲೆಗಿಟ್ಟು, ಟೀ ಕುಡಿದು, ಸಂಚು ಮಾಡುತ್ತಾರೆ. ಸಂಚು ಬಹಳ ಚೆನ್ನಾಗಿರುತ್ತದೆ. ಕೆಡುವುದು ಅವರ ಒಳ್ಳೆಯತನದಿಂದ. ಓಡಿಹೋಗಬೇಕಾದ ಹೊತ್ತಿಗೆ ಯಾರಿಗೋ ಬಾಗಿಲು ತೆಗೆದು ಹಿಡಿದುಕೊಂಡು ನಿಂತಿರುತ್ತಾರೆ. ನನ್ನ ಗಂಡ ನಗು ಬರುವ ಜಾಗಕ್ಕಿಂತ ಸ್ವಲ್ಪ ಮೊದಲೇ ನಗುತ್ತಿದ್ದರು. ಎಷ್ಟೋ ಸಲ ನೋಡಿದ್ದರಿಂದ ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತಿರುತ್ತಿತ್ತು.

ಅವರ ಜೊತೆ ಕೂತು ನೋಡುತ್ತಿದ್ದವರು ಪಕ್ಕದ ಅಂಗಡಿಯ ಭಾಯ್. ಮೈಕು, ಆಂಪ್ಲಿಫೈಯರ್, ಆಟೋ ವೈರಿಂಗ್ ರಿಪೇರಿ ಅವರ ಕಸುಬು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಇಂಗ್ಲಿಷ್ ಮಾತ್ರ ಸೊನ್ನೆ. "ಮಾತು ಯಾಕ್ ಬೇಕು ಭಾಬಿ, ಮುಖ ನೋಡಿದ್ರೆ ಸಾಕು, ಕಳ್ಳತನ ಬರಲ್ಲ ಅಂತ ಗೊತ್ತಾಗ್ತೈತೆ" ಅನ್ನುತ್ತಿದ್ದರು. ಸಿನಿಮಾ ಮುಗಿದ ಮೇಲೆ ಇಬ್ಬರೂ ಟೀ ಕುಡಿಯುತ್ತ ಊರಿನದೇ ಕಳ್ಳತನಗಳ ಸಂಚು ಮಾಡುತ್ತಿದ್ದರು. ಎಣ್ಣೆ ಮಿಲ್ಲಿನ ಚಿಮಣಿಯನ್ನು ಯಾರಿಗೂ ಗೊತ್ತಾಗದ ಹಾಗೆ ಕದಿಯುವುದು ಹೇಗೆ? ಶೇಂಗಾ ಮಾರ್ಕೆಟ್ಟಿನ ದೊಡ್ಡ ತೂಕದ ಯಂತ್ರವನ್ನು ಮದುವೆ ದಿಬ್ಬಣದಲ್ಲಿ ಸಾಗಿಸಬಹುದೇ? ಪಾಠ ಮುಗಿಸಿ ಶಾಲೆಯಿಂದ ಬರುತ್ತ ನಾನು ಆ ಕಡೆ ಹಾದುಹೋದರೆ ನನ್ನನ್ನೂ ಸೇರಿಸಿಕೊಳ್ಳುತ್ತಿದ್ದರು. ನನಗೆ ಯಾವಾಗಲೂ ಒಂದೇ ಪಾತ್ರ. ಕಾವಲುಗಾರನನ್ನು ಮಾತಿಗೆ ಹಿಡಿದು ನಿಲ್ಲಿಸುವ ಗೌರವಸ್ಥ ಹೆಂಗಸು.

ಸಿ.ಡಿ.ಗಳ ಕಾಲ ಮುಗಿಯಿತು. ನನ್ನ ಗಂಡನ ಗಂಟಲು ಚೆನ್ನಾಗಿದ್ದುದರಿಂದ ಅದೇ ಅಂಗಡಿಯಲ್ಲಿ ಪ್ರಚಾರದ ರೆಕಾರ್ಡಿಂಗ್ ಶುರುಮಾಡಿದರು. ಹೊಸ ಬಟ್ಟೆ ಅಂಗಡಿ, ಕಣ್ಣಿನ ತಪಾಸಣೆ, ಬಿತ್ತನೆ ಬೀಜ, ಏನೇ ಇರಲಿ, ಆಟೋದ ಮೇಲಿನ ಮೈಕಿನಿಂದ ಊರೆಲ್ಲ ಸುತ್ತುತ್ತಿದ್ದದ್ದು ಅವರ ದನಿ. ಒಂದು ಚಳಿಗಾಲದಲ್ಲಿ ಪ್ರೈವೇಟ್ ಬಸ್ ಸ್ಟ್ಯಾಂಡಿನವರೂ ಕರೆದು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹೇಳಿಸಿ ಪೆನ್ ಡ್ರೈವಿಗೆ ಹಾಕಿಸಿಕೊಂಡರು. ಆ ಬೇಸಿಗೆ ಶುರುವಾಗುವ ಹೊತ್ತಿಗೆ ಅವರು ಹೋದರು. ಅಂಗಡಿಯಲ್ಲಿ ಕೂತಿದ್ದವರು ಕುರ್ಚಿಯಿಂದ ಏಳಲಿಲ್ಲ. ಭಾಯ್ ಹೋಗಿ ಭುಜ ಹಿಡಿದು ಅಲುಗಿಸಿದಾಗ ಗೊತ್ತಾಗಿದ್ದು.

ನಾನು ಮೊಳಕಾಲ್ಮುರಿನ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಬಸ್ಸು. ತಿಥಿ ಮುಗಿಸಿ ಮೊದಲ ದಿನ ಶಾಲೆಗೆ ಹೊರಟು ಬಸ್ ಸ್ಟ್ಯಾಂಡಿಗೆ ಕಾಲಿಟ್ಟಾಗ ನನಗೆ ಆ ರೆಕಾರ್ಡಿಂಗಿನ ನೆನಪೇ ಇರಲಿಲ್ಲ.

"ಪ್ರಯಾಣಿಕರ ಗಮನಕ್ಕೆ. ಮೊಳಕಾಲ್ಮುರು, ದೇವಸಮುದ್ರದ ಕಡೆ ಹೋಗುವವರು ಬಲಗಡೆ ನಿಂತಿರುವ ಬಸ್ಸು ಹತ್ತಬೇಕು. ನಿಧಾನ, ಮಕ್ಕಳ ಕೈ ಹಿಡಿದುಕೊಳ್ಳಿ."

ಕೊನೆಯ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಅವರೇ ಸೇರಿಸಿದ್ದು. ಸುತ್ತಲಿನವರು ಚೀಲ ಎತ್ತಿಕೊಂಡು ಬಲಗಡೆಗೆ ನಡೆದರು. ಸತ್ತವರು ಹೇಳಿದ ಕಡೆಗೆ ಇಷ್ಟೊಂದು ಜನ ಹೋಗುತ್ತಿದ್ದಾರಲ್ಲ ಎಂದು ನಾನು ನೋಡುತ್ತಲೇ ನಿಂತೆ. ಕಂಡಕ್ಟರ್ ಬಂದು "ಟೀಚರಮ್ಮ, ಬರ್ತೀರಾ ಹೆಂಗೆ?" ಎಂದು ಕೇಳಿದ ಮೇಲೆ ನಾನೂ ಹೋಗಿ ಹತ್ತಿದೆ.

ಅದು ದಿನಾ ನಡೆಯಿತು. ನಾನು ಮನೆ ಬಿಡುವುದನ್ನು ತಡ ಮಾಡಿ ನೋಡಿದೆ, ಬೇಗ ಮಾಡಿ ನೋಡಿದೆ. ಕಿವಿಗೆ ಸೆರಗು ಸುತ್ತಿಕೊಂಡೆ. ಕೊನೆಗೆ ಎರಡು ಸ್ಟಾಪು ನಡೆದುಹೋಗಿ ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹತ್ತತೊಡಗಿದೆ. ಅಲ್ಲಿಗೆ ದನಿ ಬರುತ್ತಿರಲಿಲ್ಲ. ಬರುತ್ತಿಲ್ಲವಲ್ಲ ಎಂಬ ಸಂಕಟ ತಾಳಲಾರದೆ ವಾರದಲ್ಲೇ ಮತ್ತೆ ಸ್ಟ್ಯಾಂಡಿಗೆ ಬಂದು ನಿಂತೆ.

ಇದನ್ನೆಲ್ಲ ಭಾಯ್ ಗಮನಿಸಿದ್ದರೆಂದು ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದರು.

"ಭಾಬಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಅವನ ಆವಾಜು ಹಂಗೆ ಧೂಳಾಗೆ, ಹಾರನ್ನಾಗೆ ಬಿದ್ದಿರೋದು ನಂಗೆ ಸರಿ ಕಾಣ್ತಿಲ್ಲ. ತಂದ್ಬಿಡಾಣ."

"ಕೇಳಿದರೆ ಕೊಡುತ್ತಾರಾ?"

"ಕೇಳಿದ್ರೆ ಕೊಡ್ತಾರೆ" ಎಂದರು ಭಾಯ್. "ಆದ್ರೆ ಅವನು ಇದ್ದಿದ್ರೆ ಕೇಳ್ತಿದ್ನಾ?"

ಅವರ ಮುಖದಲ್ಲಿ ನಗು ಇರಲಿಲ್ಲ. ಗೆಳೆಯನ ಜೊತೆ ವರ್ಷಗಟ್ಟಲೆ ಸುಳ್ಳು ಸಂಚುಗಳನ್ನು ಮಾಡಿದ್ದ ಮನುಷ್ಯ ನಿಜವಾದ ಒಂದನ್ನು ಅವನಿಗಾಗಿ ಮಾಡಬೇಕು ಅಂದುಕೊಂಡಿದ್ದರು. ನಾನು ಹೂಂ ಅಂದೆ.

ಸಂಚು ಸಿನಿಮಾದಂತೆಯೇ ಇತ್ತು. ಸ್ಟ್ಯಾಂಡಿನ ಮೂಲೆಯ ಕೋಣೆಯಲ್ಲಿ ಆಂಪ್ಲಿಫೈಯರ್. ಅಲ್ಲಿ ಕೂರುವವರು ಬಸ್ಸುಗಳ ಏಜೆಂಟರು, ವಯಸ್ಸಾದ ಸೌಮ್ಯ ಮನುಷ್ಯ. ಮಧ್ಯಾಹ್ನ ಬಸ್ಸುಗಳು ಕಡಿಮೆ ಇರುವಾಗ ನಾನು ಕೊಡೆ ಹಿಡಿದುಕೊಂಡು ಹೋಗಿ, ಬಸ್ಸಿನಲ್ಲಿ ಹೆಂಗಸರ ಸೀಟಿನ ಬಗ್ಗೆ ದೂರು ಹೇಳಿ ಅವರನ್ನು ಹೊರಗೆ ಕರೆತರಬೇಕು. ಭಾಯ್ ಹಿಂದಿನಿಂದ ಒಳಗೆ ನುಗ್ಗಿ ಪೆನ್ ಡ್ರೈವ್ ತೆಗೆಯಬೇಕು. ಆ ಆಂಪ್ಲಿಫೈಯರ್ ಕೆಟ್ಟಾಗಲೆಲ್ಲ ರಿಪೇರಿ ಮಾಡುವವರು ಭಾಯ್ ಅವರೇ ಎಂಬುದನ್ನು ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಏಜೆಂಟರು ಹೊರಗೆ ಬರಲಿಲ್ಲ. "ಬಿಸ್ಲಾಗೆ ಯಾಕೆ ನಿಂತೀರಿ, ಒಳಗೆ ಬರ್ರಿ ಟೀಚರಮ್ಮ" ಎಂದು ನನ್ನನ್ನೇ ಒಳಗೆ ಕೂರಿಸಿ ಮಜ್ಜಿಗೆ ತರಿಸಿದರು. ಬಾಗಿಲಲ್ಲಿ ಬೆವರುತ್ತ ನಿಂತ ಭಾಯ್ ಅವರನ್ನು ನೋಡಿ ಅವರಿಗೆ ಇನ್ನೂ ಸಂತೋಷವಾಯಿತು. "ಕರೆಯೋಣ ಅಂತಿದ್ದೆ, ನೀವೇ ಬಂದ್ರಿ. ಮಿಷನ್ ಯಾಕೋ ಗುಯ್ ಅಂತೈತೆ, ನೋಡ್ರಿ." ಆಂಪ್ಲಿಫೈಯರ್ ಎತ್ತರದ ಹಲಗೆಯ ಮೇಲಿತ್ತು. ಭಾಯ್ ಹತ್ತಲು ಸ್ಟೂಲು ತಂದವರು ಏಜೆಂಟರೇ, ಅದು ಅಲ್ಲಾಡದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತವರೂ ಅವರೇ. ಪೆನ್ ಡ್ರೈವು ಭಾಯ್ ಜೇಬು ಸೇರಿದ್ದನ್ನು ನಾನು ಮಜ್ಜಿಗೆ ಲೋಟದ ಅಂಚಿನಿಂದ ನೋಡಿದೆ.

"ಹಂಗೇ ಆ ಫ್ಯಾನೂ ಒಂಚೂರು ನೋಡಿಬಿಡ್ರಿ" ಎಂದರು ಏಜೆಂಟರು.

ಇಲ್ಲ ಎನ್ನಲು ಭಾಯ್ ಅವರಿಗೆ ಬಾಯಿ ಬರಲಿಲ್ಲ. ಫ್ಯಾನು ಬಿಚ್ಚಿದರು, ಒರೆಸಿದರು, ಎಣ್ಣೆ ಹಾಕಿದರು, ಮತ್ತೆ ಕಟ್ಟಿದರು. ನಾನು ಅಷ್ಟು ಹೊತ್ತೂ ಹೆಂಗಸರ ಸೀಟಿನ ಬಗ್ಗೆ ಮಾತಾಡಿದೆ. ಕದ್ದ ಮಾಲು ಜೇಬಿನಲ್ಲಿಟ್ಟುಕೊಂಡು ಭಾಯ್ ಹೊರಗೆ ಬಂದಾಗ ಅವರ ಕೈಯಲ್ಲಿ ಏಜೆಂಟರು ಕೊಟ್ಟ ಒಂದು ಪೊಟ್ಟಣ ಹುರಿದ ಶೇಂಗಾ ಇತ್ತು.

ಮನೆಗೆ ಬಂದು ಇಬ್ಬರೂ ಕೂತು ಕೇಳಿದೆವು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿದ್ದೆ. ಅವರ ದನಿ ಕೋಣೆಯೊಳಗೆ ಬಂತು. ಮೊದಲ ಮಾತಿಗೇ ನನಗೆ ಏನೋ ತಪ್ಪಿದೆ ಅನ್ನಿಸಿತು. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕೇಳದೆ ಇದ್ದದ್ದು ಇಲ್ಲಿ ಕೇಳಿಸುತ್ತಿತ್ತು. ಮೊಳಕಾಲ್ಮುರು ಅನ್ನುವ ಮೊದಲು ಒಂದು ಸಣ್ಣ ತಡೆ. ಉಸಿರು ಸಾಲದೆ, ಎಳೆದುಕೊಂಡು, ಆಮೇಲೆ ಊರಿನ ಹೆಸರು. ಮುಂದಿನ ಸಾಲಿನಲ್ಲಿಯೂ ಹಾಗೇ. ಮಕ್ಕಳ ಕೈ ಹಿಡಿದುಕೊಳ್ಳಿ ಎನ್ನುವ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವರ ದಣಿವು. ಅವರನ್ನು ಒಯ್ದದ್ದು ಆ ಚಳಿಗಾಲದಲ್ಲೇ ಅವರ ಎದೆಯೊಳಗೆ ಬಂದು ಕೂತಿತ್ತು. ಒಂದೇ ಮನೆಯಲ್ಲಿದ್ದು ನಾನು ಕೇಳಿಸಿಕೊಂಡಿರಲಿಲ್ಲ. ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿದ್ದ ಭಾಯ್ ಕೂಡ.

"ಬಂದ್ ಮಾಡ್ರಿ ಭಾಬಿ" ಎಂದು ಭಾಯ್ ಎದ್ದು ಬಾಗಿಲ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತರು. ನಾನು ಬಂದ್ ಮಾಡಿದೆ. ಆದರೂ ಆ ಉಸಿರು ಕೋಣೆ ಬಿಟ್ಟು ಹೋಗಲಿಲ್ಲ. ಸಂಜೆ ಅಡುಗೆ ಮಾಡುವಾಗ ಕುಕ್ಕರಿನ ಸದ್ದಿನ ಹಿಂದೆ ಅದೇ ಕೇಳಿಸುತ್ತಿತ್ತು. ನನ್ನ ಉಸಿರನ್ನೇ ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತಿಳಿದ ಮೇಲೂ ಭಯ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡು ಮೌನವಾಗಿತ್ತು. ಹಾರನ್ನು, ಕೂಗಾಟ ಎಲ್ಲ ಇದ್ದವು, ಆದರೂ ಹಾಗನ್ನಿಸಿತು. ಬಲಗಡೆ ಬಸ್ಸು ತುಂಬಿ ಹೊರಟಿತು. ನಾನು ಹತ್ತದೆ ನಿಂತೆ, ಯಾಕೆಂದರೆ ಕಂಬದ ಹತ್ತಿರ ಒಬ್ಬ ಮುದುಕಿ ಮಡಿಲಲ್ಲಿ ಗಂಟು ಇಟ್ಟುಕೊಂಡು ಹಾಗೇ ಕೂತಿದ್ದಳು. ಅವಳನ್ನು ನಾನು ಆ ಬಸ್ಸಿನಲ್ಲಿ ಎಷ್ಟೋ ಸಲ ನೋಡಿದ್ದೆ. ದೇವಸಮುದ್ರದ ಕಡೆಯವಳು, ಕಣ್ಣು ಮಬ್ಬು.

"ಅಜ್ಜಿ, ನಿಮ್ಮ ಬಸ್ ಹೋಯ್ತಲ್ಲ" ಎಂದೆ.

"ಹೋಯ್ತಾ?" ಎಂದು ಅವಳು ಮುಖ ಎತ್ತಿದಳು. "ಆಯಪ್ಪ ಕೂಗ್ಲೇ ಇಲ್ವಲ್ಲಮ್ಮ. ಕೂಗಿದ್ ಮ್ಯಾಲೆ ಏಳಾಣ ಅಂತ ಕುಂತಿದ್ದೆ."

"ಯಾವಪ್ಪ?"

"ಅದೇ, ಆ ರೂಮ್ನಾಗೆ ಕುಂತು ಕೂಗ್ತಾನಲ್ಲ. ಪಾಪಂ, ಒಳ್ಳೇನು. ನಿಧಾನ ಹತ್ರಿ ಅಂತಾನೆ. ಯಾಕೋ ದಿನಾ ದಮ್ಮು ಕಟ್ಟಿದಂಗೆ ಕೂಗ್ತಿದ್ದ. ಇವತ್ತು ಹುಷಾರಿಲ್ಲೇನೋ, ಬಂದಿಲ್ಲ."

ನಾನು ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಈ ಹಾರನ್ನುಗಳ ನಡುವೆ, ಮಬ್ಬುಗಣ್ಣಿನ ಅವಳು ಆ ಉಸಿರನ್ನು ಕೇಳಿಸಿಕೊಂಡಿದ್ದಳು. ಅವಳ ಪಾಲಿಗೆ ಅವರು ನಿನ್ನೆಯವರೆಗೂ ಆ ಕೋಣೆಯಲ್ಲಿ ಕೂತಿದ್ದರು.

"ನಾಳೆ ಬರ್ತಾನಾ?" ಎಂದು ಕೇಳಿದಳು.

"ಬರ್ತಾರೆ" ಎಂದೆ. ಅವಳನ್ನು ಮುಂದಿನ ಬಸ್ಸಿಗೆ ಹತ್ತಿಸಿ ಭಾಯ್ ಅವರಿಗೆ ಫೋನ್ ಮಾಡಿದೆ.

"ವಾಪಸ್ ಇಡಬೇಕು" ಎಂದೆ.

"ಇಡಾಣ. ಆದ್ರೆ ಒಂದು ಪರೇಶಾನಿ ಐತೆ ಭಾಬಿ" ಎಂದರು ಭಾಯ್. "ಕಳ್ಳರು ಬಂದವ್ರೆ ಅಂತ ಏಜೆಂಟರು ರೂಮಿಗೆ ಹೊಸ ಬೀಗ ಹಾಕಿಸ್ತಾವ್ರೆ. ಹಾಕೋಕೆ ನನ್ನೇ ಕರೆದವ್ರೆ."

ನಾನು ಆ ದಿನ ಶಾಲೆಗೆ ರಜೆ ಹೇಳಿ ಅವರ ಜೊತೆ ಹೋದೆ. ಭಾಯ್ ಕೂತು ಬಾಗಿಲು ಕೊರೆದು ಚಿಲಕ, ಬೀಗ ಕೂರಿಸಿದರು. ಅವರಿಂದಲೇ ಕೋಣೆಯನ್ನು ಕಾಯಲು ಬೀಗ ಹಾಕಿದವರೂ ಅವರೇ. ಏಜೆಂಟರು ಟೀಗೆ ಹೇಳಲು ಹೊರಗೆ ಹೋದದ್ದೇ ತಡ, ಸ್ಟೂಲು ಹತ್ತಿ ಪೆನ್ ಡ್ರೈವ್ ಸಿಕ್ಕಿಸಲು ಹೋದರು. ಸ್ಟೂಲು ಅಲ್ಲಾಡಿತು. ನಾನು ಓಡಿ ಹಿಡಿದುಕೊಂಡೆ. ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ಏಜೆಂಟರು.

ಭಾಯ್ ಸ್ಟೂಲಿನಿಂದ ಇಳಿಯಲಿಲ್ಲ. ಏಜೆಂಟರು, "ಕದಿಯೋರನ್ನ ಕಂಡೀನಿ, ವಾಪಸ್ ತಂದಿಡೋರನ್ನ ಕಂಡಿರ್ಲಿಲ್ಲ. ಯಾಕ್ ತಗೊಂಡ್ರಿ?" ಎಂದರು.

"ಅದು ನಮ್ಮ ಮನೆಯವರ ದನಿ" ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ನನ್ನ ಗಂಡನ ಮಣ್ಣಿಗೆ ಬಂದಿದ್ದವರಲ್ಲಿ ಅವರೂ ಒಬ್ಬರು. ಬಹಳ ಹೊತ್ತು ತಲೆ ಅಲ್ಲಾಡಿಸಿದರು. "ನಂಗೆ ತಟ್ಟಲೇ ಇಲ್ಲ ನೋಡಮ್ಮ. ದಿನಾ ಕೇಳಿ ಕೇಳಿ ಬಸ್ಸಿನ ದನಿ ಆಗಿತ್ತು ಅದು. ಅವ್ರದು ಅನ್ನೋದೇ ಮರ್ತಿದ್ದೆ. ನೀವು ದಿನಾ ಇಲ್ಲೇ ನಿಂತು ಕೇಳ್ತಿದ್ರಲ್ಲ." ಆಮೇಲೆ ಕೇಳಿದರು, "ಬೇಡ ಅಂದ್ರೆ ಇವತ್ತೇ ನಿಲ್ಲಿಸ್ತೀನಿ. ಏನ್ ಮಾಡ್ಲಿ?"

"ಹಾಕಿ" ಎಂದೆ.

ಭಾಯ್ ಸ್ವಿಚ್ಚು ಒತ್ತಿದರು. ಸದ್ದು ಹೊರಗಿನ ಮೈಕುಗಳಿಗೆ ಹೋಗಿ ಗದ್ದಲದಲ್ಲಿ ಸೇರಿತು. ಎಷ್ಟು ಕಿವಿಗೊಟ್ಟರೂ ನನಗೆ ಆ ತಡೆ ಕೇಳಿಸಲಿಲ್ಲ.

ಇದಾಗಿ ಒಂದು ವರ್ಷದ ಮೇಲಾಯಿತು. ಕೆಲವು ಬಸ್ಸುಗಳ ದಾರಿ ಬದಲಾಯಿತು, ಕೆಲವು ಹೊಸದಾಗಿ ಬಂದವು. ಹೊಸ ಸಾಲುಗಳನ್ನು ಹೇಳಲು ಬೇರೆ ಯಾರನ್ನಾದರೂ ಕರೆಯಬೇಕು ಎಂದು ಏಜೆಂಟರು ಹೇಳಿದಾಗ ಭಾಯ್ ನನ್ನ ಕಡೆ ನೋಡಿದರು. ಕ್ಲಾಸಿನಲ್ಲಿ ಮಾತಾಡುವ ಗಂಟಲು, ಸಾಕು ಎಂದರು. ಅದೇ ಅಂಗಡಿಯಲ್ಲಿ ಕೂತು ನಾನು ಗೌರಸಮುದ್ರದ ಬಸ್ಸು, ಹೊಸ ಬಳ್ಳಾರಿ ಬಸ್ಸು ಎಂದು ಹೇಳಿದೆ. ಹಳೆಯ ಸಾಲುಗಳನ್ನು ಮುಟ್ಟಬೇಡಿ ಎಂದು ಮೊದಲೇ ಹೇಳಿದ್ದೆ. ಈಗ ಅವರು ಒಂದು ಬಸ್ಸು ಹೇಳುತ್ತಾರೆ, ನಾನು ಮುಂದಿನದನ್ನು ಹೇಳುತ್ತೇನೆ.

ಮೊದಲ ದಿನ ಕಂಬದ ಹತ್ತಿರ ನಿಂತಿದ್ದೆ. ಮೈಕಿನಿಂದ ಒಬ್ಬ ಹೆಂಗಸಿನ ದನಿ ಬಂತು. ಯಾರಪ್ಪ ಇವಳು, ಅವರ ಜೊತೆ ಒಳಗೆ ಕೂತಿರುವವಳು ಎಂದು ಕೋಣೆಯ ಕಡೆ ತಿರುಗಿದೆ. ಬಾಗಿಲಿಗೆ ಬೀಗ ಹಾಕಿತ್ತು. ಬಸ್ಸು ಹಾರನ್ನು ಹೊಡೆಯಿತು, ಹತ್ತಿ ಕೂತೆ.