ಅವ್ವೆಯ ಕೈ ಕೆಳಗೆ ತಲೆ ಬಾಗಿದ ಏಟ್ಟಯ್ಯ

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರೆದು ಅಭ್ಯಾಸವಿದ್ದವನಲ್ಲ. ನಮ್ಮ ಮನೆಮಾತು ಬಡಗ. ಚಿಕ್ಕಂದಿನಲ್ಲಿ ಶಾಲೆಗೆ ಹೋದಷ್ಟು ದಿನ ಕಲಿತದ್ದು ತಮಿಳು. ಕನ್ನಡ ಅಕ್ಷರ ಕೈಗೆ ಹತ್ತಿದ್ದು ಮೀಸೆ ಬಂದ ಮೇಲೆ, ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿನ ಸಂಜೆ ಶಾಲೆಯಲ್ಲಿ. ಈಗಲೂ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ. ಒತ್ತು, ದೀರ್ಘ ತಪ್ಪಿದ ಕಡೆ ನೀವೇ ತಿದ್ದಿಕೊಂಡು ಓದಬೇಕು. ಮಾತುಗಳನ್ನೂ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡಕ್ಕೆ ಹತ್ತಿರ ಮಾಡಿ ಬರೆದಿದ್ದೇನೆ.

ಮೊನ್ನೆ ಸೊಸೆ ಮೊಮ್ಮಗನ ಶಾಲೆಯ ಸ್ವೆಟರನ್ನು ಒಲೆಯ ಪಕ್ಕ ಒಣಗಲು ಹಾಕಿದ್ದಳು. ಮಂಜಿನಲ್ಲಿ ನೆಂದ ಉಣ್ಣೆ ಬಿಸಿಯಾದಾಗ ಒಂದು ವಾಸನೆ ಬರುತ್ತದಲ್ಲ, ಸ್ವಲ್ಪ ಹೊಗೆ, ಸ್ವಲ್ಪ ಕುರಿ, ಸ್ವಲ್ಪ ಬೆವರು... ಅಡುಗೆಮನೆಗೆ ಹೋದವನು ಅಲ್ಲೇ ನಿಂತುಬಿಟ್ಟೆ. "ಏನು ಮಾವ, ಟೀ ಬೇಕಾ?" ಅಂದಳು ಸೊಸೆ. ಬೇಡ ಅಂದೆ. ಆ ವಾಸನೆಯ ಜೊತೆಗೆ ಖಾಕಿ ಸ್ವೆಟರಿನ ಒಬ್ಬರು ನೆನಪಿಗೆ ಬಂದಿದ್ದರು.

ನಮ್ಮ ಕಡೆ ಹೆಡ್ ಕಾನ್‌ಸ್ಟೇಬಲ್‌ಗೆ ಏಟ್ಟು ಅನ್ನುತ್ತಾರೆ. ಮರ್ಯಾದೆ ಕೊಟ್ಟು ಕರೆದರೆ ಏಟ್ಟಯ್ಯ. ಅವರ ಹೆಸರು ನಮಗೆ ಗೊತ್ತಿತ್ತು, ಆದರೆ ಯಾರೂ ಹೆಸರು ಹಿಡಿದು ಕರೆದವರಲ್ಲ. ಬಯಲು ಸೀಮೆಯವರು, ವಿರುದುನಗರದ ಕಡೆ. ನಮ್ಮ ಚಳಿ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಬಿಸಿಲಿದ್ದ ದಿನವೂ ಸ್ವೆಟರ್, ಅದರ ಒಳಗೆ ಇನ್ನೊಂದು ಸ್ವೆಟರ್.

ನಮ್ಮ ಹಟ್ಟಿ ಘಾಟಿಯ ಮೇಲಿನ ಕಟ್ಟಬೆಟ್ಟಿನಿಂದ ಸ್ವಲ್ಪ ಒಳಗೆ, ತೇಯಿಲೆ ತೋಟಗಳ ನಡುವೆ ಸಾಲು ಮನೆಗಳ ಒಂದು ಸಣ್ಣ ಊರು. ಜಗಳ, ಗಡಿ ತಕರಾರು, ಗಂಡ ಹೆಂಡಿರ ಮಾತು, ಎಲ್ಲ ಊರ ಗೌಡರ ಮುಂದೆ ಕೂಟದಲ್ಲೇ ಮುಗಿಯಬೇಕು. ಪೊಲೀಸರಿಗೂ ನಮಗೂ ಸಂಬಂಧವೇ ಇರಲಿಲ್ಲ. ಖಾಕಿ ಬಟ್ಟೆ ದೂರದಲ್ಲಿ ಕಂಡರೆ ಹೆಂಗಸರು ಒಳಗೆ ಹೋಗುತ್ತಿದ್ದರು, ಗಂಡಸರಿಗೆ ತೋಟದಲ್ಲಿ ಕೆಲಸ ನೆನಪಾಗುತ್ತಿತ್ತು. ಸ್ಟೇಷನ್ನಿಗೆ ಹೋದವನು ನೆಟ್ಟಗೆ ನಡೆದು ಬರುವುದಿಲ್ಲ ಅಂತ ಎಲ್ಲರೂ ಹೇಳುವುದು. ಹೋಗಿ ಬಂದವರು ನಮ್ಮಲ್ಲಿ ಯಾರೂ ಇರಲಿಲ್ಲ, ಆದರೂ ಹೇಳುವುದು.

ಏಟ್ಟಯ್ಯ ಗಸ್ತಿಗೆ ಮೊದಲ ಸಲ ಬಂದ ದಿನ ನಮ್ಮ ಅವ್ವೆ, ಅಂದರೆ ತಾಯಿ, ಬಾಗಿಲ ಮುಂದೆ ಬಿಸಿಲಿಗೆ ಕೂತಿದ್ದಳು. ಮಂಡಿ ನೋವಿನಿಂದ ಬೇಗ ಏಳಲಾಗದೆ ಅವಳೊಬ್ಬಳೇ ಸಿಕ್ಕಿಬಿದ್ದಳು. ವಯಸ್ಸಾದ ಹೆಂಗಸನ್ನು ಹೇಗೆ ಮಾತಾಡಿಸಬೇಕೋ ತಿಳಿಯದೆ ಏಟ್ಟಯ್ಯ ಬೂಟು ಕೂಡಿಸಿ ನೆಟ್ಟಗೆ ನಿಂತು ಒಂದು ಸಲ್ಯೂಟ್ ಹೊಡೆದರು. ಊರಿಗೆ ಊರೇ ಬಾಗಿಲ ಸಂದಿಯಿಂದ ನೋಡುತ್ತಿತ್ತು.

ಅವರು ಆ ಕಡೆ ಹೋದದ್ದೇ ತಡ, ಪಕ್ಕದ ಮನೆಯಾಕೆ ಹೊರಗೆ ಬಂದಳು. "ಏನಕ್ಕ, ನಿನಗೆ ಎಸ್ಪಿ ಕೆಲಸ ಕೊಟ್ಟರಾ?"

"ಕೊಟ್ಟರು. ಮೊದಲು ನಿನ್ನನ್ನೇ ಒಳಗೆ ಹಾಕ್ತೀನಿ ಇರು" ಅಂದಳು ಅವ್ವೆ.

ನಮ್ಮಲ್ಲಿ ಹಿರಿಯರ ಎದುರು ಬಂದವರು ತಲೆ ಬಾಗಬೇಕು. ಹಿರಿಯರು ಅಂಗೈಯನ್ನು ತಲೆಯ ಮೇಲಿಟ್ಟು ಹರಸುತ್ತಾರೆ. ದಾರಿಯಲ್ಲಾಗಲಿ ಬಸ್ಸಿನಲ್ಲಾಗಲಿ ಇದೇ ನಮ್ಮ ನಮಸ್ಕಾರ. ಗೌಡರು ಯಾವಾಗಲೋ ಇದನ್ನು ಅವರಿಗೆ ತಿಳಿಸಿದ್ದರಂತೆ. ಮುಂದಿನ ಸಲ ಬಂದಾಗ ಏಟ್ಟಯ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಅವ್ವೆಯ ಮುಂದೆ ತಲೆ ಬಾಗಿಸಿದರು. ಅವ್ವೆ ಕೈ ಎತ್ತಿದವಳು ಹಿಂದಕ್ಕೆಳೆದುಕೊಂಡಳು. "ಇರಲಿ, ಇರಲಿ. ಟೀ ಕುಡೀರಿ" ಅಂದಳು.

ಆಮೇಲೆ ನಾನು ಕೇಳಿದೆ, "ಯಾಕವ್ವೆ, ಪಾಪ, ಕೈ ಇಡಬಹುದಿತ್ತಲ್ಲ?"

"ಕೈ ಇಟ್ಟರೆ ಮನೆ ಮಗನಾಗ್ತಾನೆ. ಪೊಲೀಸ್‌ನೋರನ್ನ ಮನೆ ಮಗ ಮಾಡ್ಕೊಂಡು ನಾ ಏನು ಮಾಡಲಿ?"

ಏಟ್ಟಯ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಆ ಕಡೆ ಬಂದಾಗಲೆಲ್ಲ ಟೋಪಿ ತೆಗೆಯುತ್ತಿದ್ದರು, ತಲೆ ಬಾಗಿಸುತ್ತಿದ್ದರು. ಅವ್ವೆ ಟೀ ಕೊಡುತ್ತಿದ್ದಳು, ಕೈ ಮಾತ್ರ ಇಡುತ್ತಿರಲಿಲ್ಲ. ಮಳೆಯ ದಿನ ನಮ್ಮ ಒಲೆಯ ಮುಂದೆ ಕೂತು ಸ್ವೆಟರ್ ಒಣಗಿಸಿಕೊಳ್ಳುವಷ್ಟು ಸಲಿಗೆ ಬಂದಿತ್ತು. ಅದಕ್ಕಿಂತ ಹೆಚ್ಚಿಲ್ಲ.

ಹೀಗಿರುವಾಗ ನನ್ನ ತಮ್ಮನಿಂದ ಒಂದು ಅನಾಹುತವಾಯಿತು.

ತಮ್ಮ ಪಿಕಪ್ ವ್ಯಾನ್ ಓಡಿಸುತ್ತಿದ್ದ. ನಮ್ಮಂಥ ಸಣ್ಣ ತೋಟದವರು ಕಿತ್ತ ಹಸಿ ಎಲೆಯನ್ನು ತುಂಬಿಕೊಂಡು ಫ್ಯಾಕ್ಟರಿಗೆ ಕೊಟ್ಟು ಬರುವುದು ಅವನ ಕೆಲಸ. ಒಂದು ಮಧ್ಯಾಹ್ನ ತಿರುವಿನಲ್ಲಿ ದಟ್ಟ ಮಂಜು. ರಸ್ತೆ ಬದಿ ನಡೆದು ಹೋಗುತ್ತಿದ್ದ ಎಸ್ಟೇಟ್ ಕೆಲಸದವನೊಬ್ಬನಿಗೆ ಗಾಡಿ ಬಡಿಯಿತು. ಆ ಮನುಷ್ಯ ಕೂಗಿಕೊಂಡದ್ದು ತಮ್ಮನಿಗೆ ಕೇಳಿಸಿದೆ. ಹಿಂದಿನಿಂದ ಒಂದು ಬಸ್ಸು ಬರುವ ಸದ್ದೂ ಕೇಳಿಸಿದೆ. ಹೆದರಿ ಗಾಡಿ ಓಡಿಸಿಕೊಂಡು ಮನೆಗೆ ಬಂದುಬಿಟ್ಟ. "ಸತ್ತಿರಬೇಕು ಅಣ್ಣ... ಕೂಗು ನಿಂತೇಹೋಯ್ತು" ಅಂದ.

ಹಟ್ಟಿಯವರು ಸೇರಿದರು. ಯಾರೂ ಏನೂ ಕಂಡಿಲ್ಲ, ಯಾರೂ ಬಾಯಿ ಬಿಡಬಾರದು ಅಂತ ತೀರ್ಮಾನವಾಯಿತು. ತಮ್ಮನನ್ನು ಇತ್ತಲಾರಿನಲ್ಲಿದ್ದ ಅತ್ತೆಯ ಮನೆಗೆ ಕಳಿಸಿದೆವು. ಗಾಡಿಯನ್ನು ಮನೆಯ ಪಕ್ಕ ನಿಲ್ಲಿಸಿ ಟಾರ್ಪಾಲು ಮುಚ್ಚಿದೆವು. ಅವ್ವೆ ಮನೆಗೆ ಬಂದು ಒಲೆಯನ್ನೇ ಹಚ್ಚಲಿಲ್ಲ.

ಮರುದಿನ ಏಟ್ಟಯ್ಯ ಬಂದರು. ಜೊತೆಗೆ ಯಾರೂ ಇಲ್ಲ. ಅವರು ಕೂತ ಕಡೆಯಿಂದ ಆ ಟಾರ್ಪಾಲು ಚೆನ್ನಾಗಿ ಕಾಣುತ್ತಿತ್ತು. ಅವರು ಮಣೆಯನ್ನು ತಿರುಗಿಸಿ ಅದಕ್ಕೆ ಬೆನ್ನು ಮಾಡಿ ಕೂತರು. ತಮ್ಮನನ್ನು ಕೇಳುತ್ತಾರೆ, ಈಗ ಕೇಳುತ್ತಾರೆ... ಅವರು ಕೇಳಲಿಲ್ಲ.

"ಅಮ್ಮಾ, ರಸ್ತೆಯಲ್ಲಿ ಒಬ್ಬನಿಗೆ ಪೆಟ್ಟಾಯ್ತಲ್ಲ, ಅವನ ಜೀವಕ್ಕೆ ಏನೂ ಇಲ್ಲ. ಬಸ್ಸಿನವರು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ತೊಡೆ ಮೂಳೆ ಮುರಿದಿದೆ. ಬೆಳಿಗ್ಗೆ ಗಂಜಿ ಕುಡಿದ."

ಅಷ್ಟೇ. ಟೀಗೂ ಕಾಯದೆ ಎದ್ದು ಹೋದರು. ಅವರು ಕಣ್ಮರೆಯಾಗುವ ತನಕ ಅವ್ವೆ ಅಲ್ಲೇ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದಳು. ಆ ಮನುಷ್ಯ ಬದುಕಿದ್ದಾನಾ ಅಂತ ತಿಳಿಯದೆ ಅವಳಿಗೆ ನೀರೂ ಇಳಿದಿರಲಿಲ್ಲ. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಏಟ್ಟಯ್ಯನಿಗೆ ಹೊಳೆದಿತ್ತು.

ಮತ್ತೆ ಬಂದರು. ಆಪರೇಷನ್ ಆಯ್ತು ಅಂದರು. ಮತ್ತೆ ಬಂದರು. ಅವನ ಹೆಂಡತಿ ಆಸ್ಪತ್ರೆಯಲ್ಲೇ ಇದ್ದಾಳೆ, ಅವಳಿಗೆ ಹೊದೆಯಲು ಇರಲಿಲ್ಲ, ನರ್ಸಮ್ಮ ಒಂದು ಕಂಬಳಿ ಕೊಟ್ಟರು ಅಂದರು. ಹಟ್ಟಿಯಲ್ಲಿ ಗುಸುಗುಸು ಶುರುವಾಯಿತು. "ಗಾಳ ಹಾಕ್ತಿದ್ದಾನೆ ನೋಡು, ಮೀನು ತಾನಾಗಿ ಬರಲಿ ಅಂತ" ಅಂದರು ಒಬ್ಬರು. "ಇಲ್ಲ ಬಿಡು, ನಿಮ್ಮ ಮನೆ ಟೀ ರುಚಿ ಹತ್ತಿದೆ" ಅಂದರು ಇನ್ನೊಬ್ಬರು. ನಿಜ ಹೇಳಬೇಕೆಂದರೆ ನನಗೂ ಗಾಳವೇ ಅನ್ನಿಸಿತ್ತು.

ಒಂದು ದಿನ ಅವರೇ ಬಾಯಿಬಿಟ್ಟರು. "ಅಮ್ಮಾ, ಇನ್ನು ಜೀಪ್ ಬರುತ್ತೆ. ಮೇಲಿನವರು ಕೇಳ್ತಿದ್ದಾರೆ. ಮನೆ ಮನೆ ನುಗ್ಗಿ ಗಂಡಸರನ್ನೆಲ್ಲ ಕರ್ಕೊಂಡು ಹೋಗ್ತಾರೆ. ಅದನ್ನು ತಡೆಯೋದು ನನ್ನ ಕೈಲಿಲ್ಲ. ಅದಕ್ಕೆ ಮೊದಲು ಹುಡುಗ ತಾನಾಗಿ ಬಂದರೆ ಒಳ್ಳೇದು."

ಅವ್ವೆ ಅವರ ಮುಖವನ್ನೇ ನೋಡಿದಳು. "ಹೊಡೀತೀರಾ?"

ಏಟ್ಟಯ್ಯ ಲೋಟವನ್ನು ಕೆಳಗಿಟ್ಟರು.

"ಯಾರೂ ಹೊಡೆಯಲ್ಲ ಅಂತ ಎಲ್ಲರ ಪರವಾಗಿ ಹೇಳಿದರೆ ಸುಳ್ಳಾಗುತ್ತೆ ಅಮ್ಮಾ. ನಾನು ಹೊಡೆಯಲ್ಲ. ಅವನು ಸ್ಟೇಷನ್ನಲ್ಲಿ ಇರೋವರೆಗೂ ಅವನ ಪಕ್ಕ ಬಿಟ್ಟು ಏಳಲ್ಲ. ಅಷ್ಟು ಹೇಳಬಲ್ಲೆ."

ಅವ್ವೆ, "ತಲೆ ಬಾಗು" ಅಂದಳು. ಅದುವರೆಗೆ ಅವರನ್ನು ಬಹುವಚನದಲ್ಲೇ ಮಾತಾಡಿಸಿದವಳು.

ಅವರು ಟೋಪಿ ತೆಗೆದರು. ಅವ್ವೆ ಎರಡೂ ಕೈಗಳನ್ನು ಅವರ ತಲೆಯ ಮೇಲಿಟ್ಟಳು. ನಮಗೆಲ್ಲ ಹೇಳುವ ಮಾತನ್ನೇ ಅವರಿಗೂ ಹೇಳಿದಳು, ಒಳ್ಳೆಯದಾಗಲಿ, ಬಾಳಿ ಬದುಕು, ಹೋದ ಕಡೆ ಗೆದ್ದು ಬಾ ಅಂತ. ಹರಸಿ ಮುಗಿದ ಮೇಲೂ ಏಟ್ಟಯ್ಯ ತಲೆ ಎತ್ತಲಿಲ್ಲ... ಕಿವಿಯ ಮೇಲಿನ ಬಿಳಿ ಕೂದಲು ನನಗೆ ಆಗಲೇ ಮೊದಲು ಕಂಡದ್ದು.

"ಈಗ ನೀ ಎನ್ನ ಮಗ. ನಿನ್ನ ತಮ್ಮನ್ನ ನೀನೇ ಕರ್ಕೊಂಡು ಹೋಗು, ನೀನೇ ಕರ್ಕೊಂಡು ಬಾ" ಅಂದಳು.

ಕೂಟದ ತೀರ್ಮಾನ ಮೀರಿದ್ದಕ್ಕೆ ಕೆಲವರು ಸಿಟ್ಟಾದರು. ಗೌಡರು ಮಾತ್ರ ಕೋಟು ಹಾಕಿಕೊಂಡು ನಮ್ಮ ಜೊತೆ ಹೊರಟರು. ತಮ್ಮನನ್ನು ಅತ್ತೆಯ ಮನೆಯಿಂದ ಕರೆಸಿಕೊಂಡು ಬೆಳಿಗ್ಗೆ ಸ್ಟೇಷನ್ನಿಗೆ ಹೋದೆವು. ಏಟ್ಟಯ್ಯ ತಮ್ಮನನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಅವ್ವೆ ಹೊರಗೆ ಕಟ್ಟೆಯ ಮೇಲೆ ಕೂತಳು. ನಾನು ಕಿಟಕಿಯ ಹತ್ತಿರ ನಿಂತೆ.

ಚಿಕ್ಕ ವಯಸ್ಸಿನ ಎಸ್.ಐ. ಬಂದವನೇ ಕೂಗಾಡಿದ. "ಗುದ್ದಿ ಓಡಿಹೋಗ್ತೀಯೇನೋ?" ಅಂತ ಕೈ ಎತ್ತಿದ. ತಮ್ಮ ಕಣ್ಣು ಮುಚ್ಚಿಕೊಂಡ. ನನ್ನ ಕೈ ಕಿಟಕಿಯ ಸರಳನ್ನು ಹಿಡಿದುಕೊಂಡಿತು. ಏಟ್ಟಯ್ಯ ಎದ್ದು ನಿಂತು ಇಬ್ಬರ ನಡುವೆ ಬಂದರು.

"ಸರ್, ಅವನ ತಾಯಿಯೇ ಕರ್ಕೊಂಡು ಬಂದು ಒಪ್ಪಿಸಿದ್ದಾರೆ. ಹೊರಗೆ ಕೂತಿದ್ದಾರೆ."

"ಅದಕ್ಕೆ? ನೀವೇನು ಇವನ ವಕೀಲರಾ?"

"ಇಲ್ಲ ಸರ್. ಇವತ್ತು ಇವನ ಮೇಲೆ ಕೈ ಬಿದ್ದರೆ ಆ ಹಟ್ಟಿಯಿಂದ ಇನ್ಯಾರೂ ತಾನಾಗಿ ಬರಲ್ಲ. ನಾವೇ ಬೆಟ್ಟ ಹತ್ತಿ ಹುಡುಕಬೇಕು."

ಎಸ್.ಐ. ಬಾಗಿಲ ಆಚೆ ನೋಡಿದ. ಅವ್ವೆ ಅವನನ್ನೇ ನೋಡುತ್ತಿದ್ದಳು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಮೇಜಿನ ಮೇಲಿನ ಪೆನ್ನು ತೆಗೆದುಕೊಂಡ. "ಹೇಳು, ಏನು ನಡೀತು?" ಅಂದ. ತಮ್ಮ ನಡೆದದ್ದನ್ನೆಲ್ಲ ಹೇಳಿದ, ಕೂಗು ಕೇಳಿಯೂ ನಿಲ್ಲಿಸಲಿಲ್ಲ ಅನ್ನುವುದನ್ನೂ.

ಮಧ್ಯಾಹ್ನವಾದರೂ ಏಟ್ಟಯ್ಯ ಊಟಕ್ಕೆ ಏಳಲಿಲ್ಲ. ಅವ್ವೆ ಕಟ್ಟಿಕೊಂಡು ಬಂದಿದ್ದ ರಾಗಿ ಹಿಟ್ಟಿನ ಮುದ್ದೆ, ಅವರೆಕಾಳಿನ ಉದಕ ಅನ್ನುವ ಸಾರನ್ನು ಒಳಗೆ ಕಳಿಸಿದಳು. ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡರು. ಹಿಟ್ಟನ್ನು ನುಂಗಲು ಬಾರದೆ ಅವರು ಅಗಿಯುತ್ತಿದ್ದರು. ಅದನ್ನು ನೋಡಿ ತಮ್ಮನಿಗೆ ಅಂಥ ಹೊತ್ತಿನಲ್ಲೂ ನಗು ಬಂತಂತೆ. ಬಿಸಿಲು ಇಳಿಯುವ ಮೊದಲು ಗೌಡರು ಜಾಮೀನಿಗೆ ನಿಂತರು, ತಮ್ಮನನ್ನು ಬಿಟ್ಟರು. ಅವನು ನೆಟ್ಟಗೆ ನಡೆದುಕೊಂಡೇ ಹೊರಗೆ ಬಂದ. ಅವ್ವೆ ಮೊದಲು ಅವನ ಬೆನ್ನು, ತೋಳು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಏಟ್ಟಯ್ಯನ ಕೈ ಹಿಡಿದುಕೊಂಡಳು.

ಒಂದು ಭಾನುವಾರ ಏಟ್ಟಯ್ಯ ಖಾಕಿ ಇಲ್ಲದೆ, ಬರೀ ಪಂಚೆಯಲ್ಲಿ ಬಂದು ತಮ್ಮನನ್ನೂ ನನ್ನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಆ ಮನುಷ್ಯ ತಮ್ಮನನ್ನು ನೋಡಿ ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ಗುದ್ದಿದ್ದಕ್ಕೆ ಕೋಪ ಇಲ್ಲ ತಂಬಿ. ಮಂಜು ನನಗೂ ಗೊತ್ತು. ಇಳಿದು ಒಂದು ಬಾಯಿ ನೀರು ಕೊಡಬಾರದಾಗಿತ್ತಾ?" ತಮ್ಮ ಮಂಚದ ಕಂಬಿ ಹಿಡಿದು ಅತ್ತ. ಏಟ್ಟಯ್ಯ ಸಮಾಧಾನ ಹೇಳಲಿಲ್ಲ. ಅಳಲಿ ಅಂತ ಬಿಟ್ಟರು. ಕೇಸು ನಡೆಯಿತು, ಕೋರ್ಟು ದಂಡ ಹಾಕಿತು, ಆ ಮನುಷ್ಯನಿಗೆ ಪರಿಹಾರವೂ ಬಂತು. ಆದರೆ ಅವನು ಕುಂಟುವುದು ಹೋಗಲಿಲ್ಲ. ತಮ್ಮ ಅದನ್ನು ಮರೆತಿಲ್ಲ.

ಆಮೇಲೆ ಹಟ್ಟಿಯಲ್ಲಿ ಖಾಕಿ ಕಂಡರೆ ಬಾಗಿಲು ಹಾಕುವುದು ನಿಂತಿತು. ನಿಂತಿತು ಅಂದರೆ, ಏಟ್ಟಯ್ಯ ಬಂದಾಗ ನಿಂತಿತು. ಬೇರೆಯವರು ಬಂದರೆ "ಏಟ್ಟಯ್ಯ ಎಲ್ಲಿ?" ಅಂತ ಕೇಳುತ್ತಿದ್ದೆವು. ಗಂಡನ ಹೊಡೆತ ತಾಳಿಕೊಂಡು ಬಾಯಿ ಮುಚ್ಚಿಕೊಂಡಿದ್ದ ಒಬ್ಬ ಹೆಣ್ಣುಮಗಳು ಅವ್ವೆಯ ಮೂಲಕ ಅವರಿಗೆ ಹೇಳಿ ಕಳಿಸಿದಳು. ಕೂಟದಲ್ಲಿ ಅವಳ ಮಾತು ಯಾರೂ ಕೇಳಿರಲಿಲ್ಲ.

ಅವರಿಗೆ ಬಯಲಿಗೆ ವರ್ಗವಾಯಿತು. ಕೆಲವು ವರ್ಷದ ಮೇಲೆ ಅವ್ವೆ ಹೋದಳು. ನಮ್ಮಲ್ಲಿ ಸಾವಾದರೆ ನೆಂಟರಿರುವ ಹಟ್ಟಿ ಹಟ್ಟಿಗೂ ಆಳು ಕಳಿಸಿ ಹೇಳಬೇಕು, ಹೇಳಿದ ಮೇಲೆ ಬರದೇ ಇರಬಾರದು. ತಮ್ಮ ಅವರಿಗೂ ಫೋನ್ ಮಾಡಿದ. ಬಸ್ಸು ಹಿಡಿದು ಮೆಟ್ಟುಪಾಳ್ಯಕ್ಕೆ ಬಂದು, ಅಲ್ಲಿಂದ ಘಾಟಿ ಹತ್ತಿ ಬಂದರು. ತಲೆಗೆ ಕಟ್ಟಿದ್ದ ಮಫ್ಲರ್ ಬಿಚ್ಚಿ ನಮ್ಮಿಬ್ಬರ ಪಕ್ಕ ನಿಂತರು. ಸತ್ತವರ ಮಕ್ಕಳು ನಿಲ್ಲುವ ಜಾಗ ಅದು. ಯಾರೂ ಅವರನ್ನು ಸರಿಯಿರಿ ಅನ್ನಲಿಲ್ಲ. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಸ್ವೆಟರಿನ ವಾಸನೆ ಬಂದ ಆ ದಿನ ತಮ್ಮನಿಗೆ ಹೇಳಿದೆ, ಒಂದು ಸಲ ಹೋಗಿ ನೋಡಿ ಬರೋಣ ಅಂತ. ಹಳೆಯ ನಂಬರಿಗೆ ಫೋನ್ ಹೋಗಲಿಲ್ಲ. ತಮ್ಮ ಗಾಡಿ ತೆಗೆದುಕೊಂಡು ಹೋದಾಗ ಚೆಕ್‌ಪೋಸ್ಟಿನಲ್ಲಿ ವಯಸ್ಸಾದ ಒಬ್ಬ ಪೊಲೀಸಿನವರನ್ನು ಕೇಳಿದ್ದಾನೆ. "ಅವರಾ? ಅವರು ಹೋಗಿ ವರ್ಷದ ಮೇಲಾಯ್ತಲ್ಲಪ್ಪ" ಅಂದರಂತೆ.

ತಮ್ಮ ಮನೆಗೆ ಬಂದು ಗಾಡಿಯಿಂದ ಇಳಿಯಲಿಲ್ಲ. ನಾನೇ ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. "ನಮಗೆ ಯಾರೂ ಹೇಳಲೇ ಇಲ್ವಲ್ಲಣ್ಣ" ಅಂದ. ಪೊಲೀಸಿನವರೊಬ್ಬರು ತೀರಿಕೊಂಡರೆ, ಯಾವುದೋ ಹಳೆಯ ಕೇಸಿನ ಆರೋಪಿಯ ಮನೆಗೆ ಯಾರು ಆಳು ಕಳಿಸುತ್ತಾರೆ? ನಾವು ಅವರಿಗೆ ಏನಾಗಬೇಕು ಅನ್ನುವುದು ಅವ್ವೆಗೆ ಗೊತ್ತಿತ್ತು, ಅವರಿಗೆ ಗೊತ್ತಿತ್ತು. ಅವರ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ತಿಳಿದಿದ್ದರೆ ಹೋಗುತ್ತಿದ್ದೆವು. ಇಡೀ ಹಟ್ಟಿಯೇ ಹೋಗುತ್ತಿತ್ತು...

ನಿಮ್ಮೂರಿನಲ್ಲೂ ಇಂಥ ಒಬ್ಬರು ಇದ್ದಿರಬಹುದು. ಇದ್ದರೆ ಬರೆಯಿರಿ, ನಿಧಾನವಾಗಿಯಾದರೂ ಓದುತ್ತೇನೆ. ಆದರೆ ಅವರು ಇನ್ನೂ ಬದುಕಿದ್ದರೆ ಮೊದಲು ಹೋಗಿ ನೋಡಿ ಬನ್ನಿ. ಬರೆಯುವುದು ಆಮೇಲಾದರೂ ಆಗುತ್ತದೆ.