ಸೇತುವೆಯ ಮೇಲಿನ ಮನೆ

ಕಾರಿನೊಳಗೆ ದಾರಿ ಹೇಳುವ ನಕ್ಷೆಗಳನ್ನು ಹೊಸದು ಮಾಡುವುದು ಅವರ ಕೆಲಸ. ಸರ್ವಿಸ್ ಸೆಂಟರಿನ ಮೂಲೆಯಲ್ಲಿ ಕಾರು ನಿಲ್ಲಿಸಿ, ಪೆನ್‌ಡ್ರೈವ್ ಸಿಕ್ಕಿಸಿ, ಪರದೆಯ ಮೇಲಿನ ಗೆರೆ ತುಂಬುವವರೆಗೆ ಮುಕ್ಕಾಲು ಗಂಟೆ ಕಾಯಬೇಕು. ಹಳೆಯ ಕಾರುಗಳಲ್ಲಿ ಹೊಸ ನಕ್ಷೆ ಬಂದರೆ ಯಜಮಾನರು ಗುರುತು ಹಾಕಿಟ್ಟ ಜಾಗಗಳೆಲ್ಲ ಅಳಿಸಿಹೋಗುತ್ತವೆ. ಉಳಿದ ಕೆಲಸಗಾರರು ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವರು ಮಾತ್ರ ಮೊದಲೇ ಅವನ್ನೆಲ್ಲ ಪುಸ್ತಕದಲ್ಲಿ ಅಕ್ಷಾಂಶ ರೇಖಾಂಶದ ಅಂಕಿಗಳ ಸಮೇತ ಬರೆದುಕೊಂಡು, ಆಮೇಲೆ ಒಂದೊಂದಾಗಿ ವಾಪಸ್ ತುಂಬುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಅದಕ್ಕೇ ಅವರಿಗೆ ಗುಮಾಸ್ತರು ಎಂಬ ಹೆಸರು ಬಿದ್ದಿತ್ತು.

"ಗುಮಾಸ್ತರೇ, ಕಾರು ನೋಡ್ತೀರೋ, ಜನಗಣತಿ ಮಾಡ್ತೀರೋ?" ಎಂದು ಟೈರು ಬಿಚ್ಚುವವನು ಕೆಣಕುತ್ತಿದ್ದ.

"ತಲೆ ಇರೋರನ್ನ ಮಾತ್ರ ಎಣಿಸ್ತೀನಿ. ನೀನು ಗಾಬರಿ ಆಗ್ಬೇಡ."

ಒಂದು ಸೋಮವಾರ ಹೆಂಗಸೊಬ್ಬಳು ತನ್ನ ತಂದೆಯ ಕಾರು ತಂದಳು. ತಂದೆ ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು, ಈಗ ಅಂಗಡಿ ಮುಚ್ಚಿದ್ದಾರೆ.

"ಅಪ್ಪನಿಗೆ ಈಚೆಗೆ ದಾರಿ ಮರೆಯುತ್ತೆ ಸರ್. ಇದು ಹೇಳಿದ ಹಾಗಾದ್ರೂ ಹೋಗ್ಲಿ ಅಂತ. ಒಂದ್ಸಲ ಎಡವಟ್ಟಾದ್ರೂ ಕೀಲಿ ಕಿತ್ಕೋತೀನಿ ಅಂದಿದೀನಿ."

ಗುಮಾಸ್ತರು ಹನ್ನೊಂದು ಜಾಗ ಬರೆದುಕೊಂಡು, ಹನ್ನೊಂದನ್ನೂ ತುಂಬಿ ಕಳಿಸಿದರು. ಮೊದಲನೆಯದು "ಮನೆ".

ಶುಕ್ರವಾರ ಅವಳು ಮತ್ತೆ ಬಂದಳು, ಜೊತೆಗೆ ಮುದುಕರಾದ ತಂದೆ. ಕೀಲಿ ಅವರ ಮುಷ್ಟಿಯಲ್ಲಿತ್ತು.

"ಅಪ್ಪ ಮೇಲ್ಸೇತುವೆ ಮಧ್ಯದಲ್ಲಿ ಕಾರು ನಿಲ್ಸಿ ಇಳಿಯೋಕೆ ಹೋಗಿದಾರೆ. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಜೀವ ಉಳೀತು. ಮಾರಿಬಿಡ್ತೀವಿ. ಇದರೊಳಗಿನ ನಮ್ಮ ವಿಳಾಸ ಎಲ್ಲ ಅಳಿಸಿಕೊಡಿ."

"ಮನೆ ಬಂತು ಅಂತ ಕಾರಿನ ನಕ್ಷೆನೇ ಹೇಳ್ತು," ಎಂದರು ಮುದುಕರು, ನೆಲ ನೋಡುತ್ತ.

ಗುಮಾಸ್ತರು ಪುಸ್ತಕ ತೆರೆದು, "ಮನೆ"ಯ ಅಂಕಿಗಳನ್ನು ಹೊಸ ನಕ್ಷೆಯಲ್ಲಿ ಹುಡುಕಿದರು. ಗುರುತು ಸೇತುವೆಯ ನಡುಮಧ್ಯೆ ನಿಂತಿತು.

"ಇಲ್ಲಿ ಮುಂಚೆ ಏನಿತ್ತಮ್ಮ?"

"ನಮ್ಮನೆ. ಸೇತುವೆಗೆ ಅಂತ ಕೆಡವಿ ಎರಡು ವರ್ಷ ಆಯ್ತು. ಆಗಿಂದ ಅಪ್ಪ ನನ್ನ ಹತ್ರ ಇದಾರೆ."

ಗುಮಾಸ್ತರು ಪರದೆಯಿಂದ ಕೈ ತೆಗೆದರು. ಸುಮ್ಮನೆ ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಅವರು ದಾರಿ ತಪ್ಪಿಲ್ಲಮ್ಮ. ನಾನು ತುಂಬಿದ ಜಾಗಕ್ಕೇ ಸರಿಯಾಗಿ ಹೋಗಿದಾರೆ. ಈ ಮನೆ ಈಗಲೂ ಇದೆಯಾ ಅಂತ ನಾನು ಕೇಳ್ಬೇಕಿತ್ತು. ತಪ್ಪು ನಂದು."

ಟೈರಿನವನ ಸ್ಪ್ಯಾನರ್ ಸದ್ದು ನಿಂತಿತು.

"ಆದ್ರೂ," ಎಂದಳು ಮಗಳು, ದನಿ ಇಳಿಸಿ, "ಮನೆ ಇಲ್ಲ ಅನ್ನೋದು ಅಪ್ಪನಿಗೆ ನೆನಪಿರಬೇಕಿತ್ತಲ್ಲ."

"ನೆನಪಿತ್ತು ಕಣಮ್ಮ," ಎಂದರು ಮುದುಕರು. "ಅದು ಅಷ್ಟು ಖಚಿತವಾಗಿ ಹೇಳ್ತಲ್ಲ, ನಾನೇ ಮರೆತಿರಬೇಕು ಅನ್ನಿಸ್ತು." ಕೀಲಿಯನ್ನು ಅವಳ ಕೈಗಿಟ್ಟರು. "ನೀನೇ ಓಡಿಸು. ಮಾರೋದು ಮಾತ್ರ ಬೇಡ."

ಅವಳು ಹೂಂ ಎಂದಳು.

ಗುಮಾಸ್ತರು ಮುದುಕರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಹನ್ನೊಂದು ಜಾಗಗಳನ್ನೂ ಒಂದೊಂದಾಗಿ ಓದಿ, "ಇದು ಈಗಲೂ ಇದೆಯಾ?" ಎಂದು ಕೇಳಿದರು. ನಾಲ್ಕು ಉಳಿದವು. ಐದನೆಯದಾಗಿ ಮಗಳ ವಿಳಾಸವನ್ನು ಮುದುಕರೇ ನಿಧಾನವಾಗಿ ಹೇಳಿದರು. ಮನೆ ನಂಬರಿಗೆ ತಡವರಿಸಿದಾಗ ಅವಳು ಹೇಳಿಕೊಡಲಿಲ್ಲ, ಕಾದಳು. ಅವರಿಗೆ ನೆನಪಾಯಿತು.

ಈಗಲೂ ಗುಮಾಸ್ತರು ಬರೆದುಕೊಳ್ಳುತ್ತಾರೆ. ಆದರೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳದೆ ಒಂದು ಜಾಗವನ್ನೂ ವಾಪಸ್ ತುಂಬುವುದಿಲ್ಲ. ಟೈರಿನವನು ಅದಕ್ಕೆ ತಮಾಷೆ ಮಾಡುವುದಿಲ್ಲ.