ಉಚ್ಚೆಂಗೆಪ್ಪ ಮೇಷ್ಟ್ರ ಪದಗಳ ಕಟ್ಟು

ಕಂಪ್ಲಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ಉಚ್ಚೆಂಗೆಪ್ಪ ಮೇಷ್ಟ್ರಿಗೆ ಫ್ರೇಸ್ ಎಂಬ ಪದಪುಂಜವೆಂದರೆ ಭತ್ತದ ಸಸಿಯ ಕಟ್ಟು. "ಪದ ಎಷ್ಟರ ಇರಲಿ, ಕಟ್ಟಿದ ಮ್ಯಾಲ ಎಲ್ಲಾ ಸೇರಿ ಮಾಡೋ ಕೆಲಸ ಒಂದ, ತಿಳೀತೇನ್ರಲೇ?" ಎನ್ನುತ್ತಾ, ಪದ ಬರೆದ ಚೀಟಿಗಳ ಕಟ್ಟುಗಳನ್ನು ಮೇಜಿನ ಮೇಲೆ ನಾಟಿ ಮಾಡಿದಂತೆ ಸಾಲಾಗಿ ಇಡುತ್ತಾರೆ. ತಪ್ಪು ಇಂಗ್ಲಿಷ್ ಕಂಡರೆ ಅವರಿಗೆ ಮೈ ಉರಿಯುತ್ತದೆ. ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲು ಲಗ್ನಪತ್ರಿಕೆ ತಿದ್ದುತ್ತಾರೆ, ಹೊಸಪೇಟೆ ಬಸ್ ತಪ್ಪಿದರೂ ಸರಿ, ಬೇಕರಿಯ ಬೋರ್ಡನ್ನು ತಿದ್ದಿಸದೆ ಬಿಡುವುದಿಲ್ಲ. ಆ ಚೀಟಿಗಳನ್ನು ದಿನಾ ಬೆಳಿಗ್ಗೆ ಕಟ್ಟಿಕೊಡುವವರು, ಎಮ್ಮಿಗನೂರಿನ ಗದ್ದೆಗಳಲ್ಲಿ ಸಸಿ ಕಟ್ಟಿ ಮಗನನ್ನು ಓದಿಸಿದ ತಾಯಿ ಹುಲಿಗೆಮ್ಮ. ಓದು ಬಾರದ ಅವರು ಕೈಗೆ ಸಿಕ್ಕ ಚೀಟಿಗಳನ್ನೆಲ್ಲ ಕೂಡಿಸಿ ಗಂಟು ಹಾಕುತ್ತಾರೆ. ಅದನ್ನು ಬಿಚ್ಚಿ ಸರಿಪಡಿಸುವುದೇ ಹುಡುಗರಿಗೆ ಮೊದಲ ಪಾಠ. ಮನೆಯಲ್ಲಿ ಮಾತ್ರ, "ಬರೋಬರಿ ಐತೇನಪ್ಪ?" ಎಂದು ತಾಯಿ ಕೇಳಿದಾಗ, ಊರನ್ನೆಲ್ಲ ತಿದ್ದುವ ಮೇಷ್ಟ್ರು ಗಂಟನ್ನಷ್ಟೇ ಮುಟ್ಟಿ ನೋಡಿ, "ಒಂದೂ ತಪ್ಪಿಲ್ಲ ಬೇ ಯವ್ವಾ" ಎನ್ನುತ್ತಾರೆ.